ಜ್ಯೋತಿ ಕೂಗಿದ್ದು ಎಲ್ಲರಿಗೂ ಕೇಳಿಸುತ್ತಿತ್ತು

ಬಾಣಂತಿಗೆ ನಿದ್ದೆ ಬರುತ್ತಿಲ್ಲ ಅಂದರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: "ಯಾರ ಕಣ್ಣು ಬಿತ್ತು?"

ಮಸ್ಕಿ ಹತ್ತಿರದ ಒಂದು ಊರು. ಕುರಿ ಕಾಯುವ ಆದಪ್ಪನ ತಂಗಿ ಜ್ಯೋತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ವಾರ ಕಳೆಯುವುದರೊಳಗೆ ಜ್ಯೋತಿ ಮಲಗುವುದನ್ನೇ ಬಿಟ್ಟಳು. ಗೋಡೆ ಜೊತೆ ಮಾತಾಡತೊಡಗಿದಳು. ಕೂಸಿಗೆ ಹಾಲು ಕೊಡು ಅಂದರೆ ಎದೆ ಮುಚ್ಚಿಕೊಂಡು ಅಳುತ್ತಿದ್ದಳು.

"ಹಾಲಿನ್ಯಾಗ ವಿಷ ಐತಿ ಬೇ. ಕೂಸು ಸಾಯ್ತೈತಿ."

"ಗಾಳಿ ಸೋಕೈತಿ," ಅಂದಳು ತಾಯಿ ಯಮನೂರಮ್ಮ. ನಿಂಬೆಹಣ್ಣು ಇಳಿಸಿದರು. ಮಂತ್ರ ಹಾಕುವವನು ಬಂದು ಬೇವಿನ ಕೋಲಿನಿಂದ ಹೊಡೆದ. ಜ್ಯೋತಿಯ ಬೆನ್ನು ಬಾತಿತೇ ಹೊರತು ನಿದ್ದೆ ಬರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಲು ಮುದಗಲ್‌ನಿಂದ ಗಂಡನ ಮನೆಯವರು ಬಂದರು. ಸೊಸೆಯನ್ನು ನೋಡಿದವರು ಊಟಕ್ಕೂ ಕೂರಲಿಲ್ಲ. ಅತ್ತೆ ಕೂಸನ್ನು ಎತ್ತಿಕೊಂಡಳು.

"ಕೂಸು ನಮ್ಮದು. ನಿಮ್ಮ ಹುಡುಗಿ ನಿಮಗ."

ಅವರು ಕೂಸನ್ನು ಒಯ್ದರು. ಅವತ್ತು ಜ್ಯೋತಿ ಅದನ್ನು ಹುಡುಕುತ್ತ ಕಾಲುವೆ ದಂಡೆ ಹಿಡಿದು ಓಡಿದಳು. ಆದಪ್ಪ ಬೆನ್ನಟ್ಟಿ ಎಳೆದು ತಂದ. ನೀರಿಗೆ ಬಿದ್ದು ಸತ್ತಾಳು ಅನ್ನುವ ಹೆದರಿಕೆ ಅವನಿಗೆ. ಕೊಟ್ಟಿಗೆಯ ಕಂಬಕ್ಕೆ ಸರಪಳಿ ಬಿಗಿದು ಅವಳ ಕಾಲಿಗೆ ಹಾಕಿದ. ನಾಲ್ಕು ದಿನದ ಮಟ್ಟಿಗೆ ಅಂದುಕೊಂಡಿದ್ದ. ಚಳಿಗಾಲ ಹೋಗಿ ಬೇಸಿಗೆ ಬಂತು. ಅವಳು ಕೂಗುತ್ತಿದ್ದಳು. ಓಣಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಊರಿನ ಕಟಿಂಗ್ ಅಂಗಡಿಯ ಮಕ್ತುಮ್‌ಸಾಬ್ ಮನೆಗೇ ಬಂದ.

"ತಮ್ಮಾ, ಆಕಿನ್ನ ದವಾಖಾನಿಗೆ ಕರಕೊಂಡು ಹೋಗು."

"ಹೋದ್ರ ಹುಚ್ಚಿ ಅಂತ ಮುದ್ರಿ ಬೀಳತೈತಿ, ಮಕ್ತುಮಣ್ಣ."

"ಸರಪಳಿ ಹಾಕೀದಿ. ಇನ್ನೇನು ಮುದ್ರಿ ಬೇಕು?"

ಆದಪ್ಪನಿಗೆ ಸಿಟ್ಟು ಬಂತು. "ಇದು ನಿನಗೇನು ತಿಳಿತೈತಿ?"

ಮಕ್ತುಮ್‌ಸಾಬ್ ಅವನ ಪಕ್ಕ ಕೂತ. "ನನಗೂ ಆಗಿತ್ತು. ಕಿವ್ಯಾಗ ಯಾರೋ ಬೈದಂಗ ಕೇಳಸ್ತಿತ್ತು. ಬಾವಿ ಕಟ್ಟಿ ಮ್ಯಾಲ ಹೋಗಿ ನಿಂತಿದ್ದೆ. ನನ್ನ ಹೇಣ್ತಿ ಗುಲ್ಷನ್‌ಬೀ ಎಳಕೊಂಡು ಲಿಂಗಸುಗೂರು ಸರ್ಕಾರಿ ದವಾಖಾನಿಗೆ ಹೋದ್ಲು. ಗುಳಿಗಿ ಅಲ್ಲೇ ಪುಕ್ಕಟೆ ಕೊಡತಾರ. ಇವತ್ತಿಗೂ ನುಂಗತೀನಿ, ನಿಮ್ಮೆಲ್ಲರ ಗಡ್ಡ ಮಾಡತೀನಿ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಕೈಗೆ ಕುತ್ತಿಗಿ ಯಾರು ಕೊಡತಿದ್ರು?"

ಆಮೇಲೆ ಅವನೇ ಫೋನ್ ತೆಗೆದು 14416ಕ್ಕೆ ಹಚ್ಚಿದ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದಳು. ಹೆದರಿಸಬೇಡಿ, ಹೊಡೆಯಬೇಡಿ, ಮೊದಲು ಸರಪಳಿ ಬಿಚ್ಚಿ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ ಅಂದಳು. ಯಮನೂರಮ್ಮ ಸೆರಗು ಕಚ್ಚಿಕೊಂಡು ಕೇಳುತ್ತ ನಿಂತಿದ್ದಳು. ಆದಪ್ಪ ಹೋಗಿ ಸರಪಳಿ ಬಿಚ್ಚಿದ.

ಲಿಂಗಸುಗೂರಿನಲ್ಲಿ ಮನೋವೈದ್ಯರು ಜ್ಯೋತಿಯ ಕಾಲು ನೋಡಿದರು. ಸರಪಳಿ ಕೂತ ಜಾಗ ಹುಣ್ಣಾಗಿ ಕೀವು ಸೋರುತ್ತಿತ್ತು.

"ಇದೇನು?"

"ಸರಪಳಿ ಹಾಕಿದ್ದೆ ರೀ," ಅಂದ ಆದಪ್ಪ.

"ಕಟ್ಟಿ ಹಾಕೋದು ಕಾನೂನಿಗೂ ತಪ್ಪು, ಮನುಷ್ಯತ್ವಕ್ಕೂ ತಪ್ಪು," ಅಂದರು ವೈದ್ಯರು. "ಗಾಳಿ ಅಲ್ಲ, ದೆವ್ವ ಅಲ್ಲ. ಹೆರಿಗೆ ಆದಮೇಲೆ ಕೆಲವರಿಗೆ ಬರೋ ಜಡ್ಡು ಇದು. ವಾಸಿ ಆಗತೈತಿ. ಶುರುವಾದಾಗಲೇ ತಂದಿದ್ರ ಕೂಸು ಈಕಿ ತೊಡಿ ಮ್ಯಾಲೇ ಬೆಳಿತಿತ್ತು."

ಆದಪ್ಪ ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತ.

ಕಾಲಿನ ಹುಣ್ಣಿಗೂ ಮನಸ್ಸಿನ ಜಡ್ಡಿಗೂ ಅಲ್ಲೇ ಔಷಧ ಶುರುವಾಯಿತು. ಸಿಂಧನೂರಿನ ಒಂದು ಸೇವಾ ಸಂಸ್ಥೆಯಿಂದ ಶೈಲಜಾ ಎಂಬಾಕೆ ಮನೆಗೆ ಬರತೊಡಗಿದರು. ಗುಳಿಗೆ ನುಂಗಿದಳೋ ಇಲ್ಲವೋ ನೋಡುತ್ತಿದ್ದರು. ಜ್ಯೋತಿ ಪಕ್ಕ ಕೂತು ಮಾತಾಡಿಸುತ್ತಿದ್ದರು. ನಿದ್ದೆ ಬಂತು. ಊಟ ಸೇರಿತು. ಗೋಡೆ ಜೊತೆಗಿನ ಮಾತು ನಿಂತಿತು.

ಈ ನಡುವೆ ಮಕ್ತುಮ್‌ಸಾಬ್‌ಗೂ ಇಂಥ ಜಡ್ಡು ಇತ್ತು ಅನ್ನುವ ಮಾತು ಊರೆಲ್ಲ ಹಬ್ಬಿತು. ಹುಚ್ಚು ಹಿಡಿದಿದ್ದವನ ಕೈಯಾಗ ಕತ್ತಿ ಐತಿ ಅಂತ ಜನ ಅವನ ಅಂಗಡಿಗೆ ಬರುವುದು ಬಿಟ್ಟರು. ಖಾಲಿ ಕುರ್ಚಿ ಮುಂದೆ ಅವನು ಸುಮ್ಮನೆ ಕೂತಿರುತ್ತಿದ್ದ. ಆದಪ್ಪ ಹೋಗಿ ಕುರ್ಚಿಯಲ್ಲಿ ಕೂತು ಕುತ್ತಿಗೆ ಮೇಲೆತ್ತಿದ. "ಬೋಳಸು ಅಣ್ಣ." ರಸ್ತೆಯವರು ನಿಂತು ನೋಡಿದರು. ಆದರೂ ಕೆಲವರು ಇವತ್ತಿಗೂ ಗಡ್ಡಕ್ಕೆ ಮಸ್ಕಿಗೇ ಹೋಗುತ್ತಾರೆ.

ಒಂದು ಸಂಜೆ ಈರುಳ್ಳಿ ಹೆಚ್ಚುತ್ತಿದ್ದ ಜ್ಯೋತಿ ತಟ್ಟನೆ ಕೇಳಿದಳು.

"ಯವ್ವಾ, ನಾ ಕೊಟ್ಟಿಗ್ಯಾಗ ಕೂಗಿದ್ದು ನಿಮಗ ಕೇಳಸ್ತಿತ್ತ?"

ರೊಟ್ಟಿ ಬಡಿಯುತ್ತಿದ್ದ ಯಮನೂರಮ್ಮನ ಕೈ ನಿಂತಿತು. "ಕೇಳಸ್ತಿತ್ತವ್ವಾ."

"ಮತ್ಯಾಕ ಬರಲಿಲ್ಲ?"

ತಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಜ್ಯೋತಿ ಮತ್ತೆ ಕೇಳಲಿಲ್ಲ.

ಜ್ಯೋತಿ ಕೂಸನ್ನು ಕೇಳಲು ಮುದಗಲ್‌ಗೆ ಹೋದಾಗ ಗಂಡ ಬಾಗಿಲಲ್ಲೇ ತಡೆದ. "ಮತ್ತ ತಲಿ ಕೆಟ್ರ ಯಾರು ಹೊಣಿ?" ಶೈಲಜಾ ಜ್ಯೋತಿಯನ್ನು ಲಿಂಗಸುಗೂರಿನ ಕಾನೂನು ಸೇವಾ ಸಮಿತಿಗೆ ಕರೆದೊಯ್ದರು. ಫೀಸು ಇಲ್ಲದೆ ವಕೀಲರು ಸಿಕ್ಕರು. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿ, ಜ್ಯೋತಿ ಆಗಾಗ ಹೋಗಿ ಕೂಸನ್ನು ನೋಡಬಹುದು ಅಂತ ಆಯಿತು. ಕೂಸು ತಾಯಿಯ ಬಳಿಯೇ ಇರಬೇಕೆಂಬ ಕೇಸು ಇನ್ನೂ ನಡೆದಿದೆ.

ಹಾಗೆ ಮೊದಲ ಸಲ ನೋಡಲು ಹೋದಾಗ ಹುಡುಗಿ ಆಗಲೇ ನಡೆಯುತ್ತಿದ್ದಳು. ಜ್ಯೋತಿ ಕೈ ಚಾಚಿದಳು. ಹುಡುಗಿ ಅತ್ತು, ಓಡಿಹೋಗಿ ಸೋದರತ್ತೆಯ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಅವಳನ್ನೇ "ಅವ್ವಾ" ಅಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಜ್ಯೋತಿ ಅಳಲಿಲ್ಲ. "ಆಕಿದೇನು ತಪ್ಪೈತಿ," ಅಂದಳು ಅಷ್ಟೇ.

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

ಜ್ಯೋತಿಯ ಜಡ್ಡಿಗೆ ಔಷಧ ಇತ್ತು. ಅದೂ ಪುಕ್ಕಟೆ, ಬಸ್ಸು ಹೋಗುವ ಊರಿನಲ್ಲೇ. ಅವಳ ಮನೆಯವರು ಕೆಟ್ಟವರಲ್ಲ, ತಡ ಮಾಡಿದರು.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಿಗಾದರೂ ನಿದ್ದೆ ಬರದಿದ್ದರೆ, ಇಲ್ಲದ ಮಾತು ಕೇಳಿಸುತ್ತಿದ್ದರೆ, ಸಾಯುವ ಮಾತಾಡುತ್ತಿದ್ದರೆ, ಇವತ್ತೇ 14416ಕ್ಕೆ ಫೋನ್ ಮಾಡಿ. ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲವೇ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಜಡ್ಡು ಬಹುಕಾಲ ಉಳಿದವರು ಅಂಗವಿಕಲರ ಪ್ರಮಾಣಪತ್ರ ಪಡೆದು ಮಾಸಾಶನಕ್ಕೆ ಅರ್ಜಿ ಹಾಕಬಹುದು. ಗುಣವಾಗಿ ಬಂದವರ ಅಂಗಡಿಗೆ ಹೋಗಿ, ಕೆಲಸಕ್ಕೆ ಕರೆಯಿರಿ, ಮದುವೆ ಮುಂಜಿಗೆ ಹೇಳಿ ಕಳಿಸಿ.

ಯಾರೋ ಕೂಗುತ್ತಿರುವುದು ನಿಮಗೆ ಕೇಳಿಸುತ್ತಿದ್ದರೆ ಬಾಗಿಲು ಹಾಕಿಕೊಳ್ಳಬೇಡಿ. ಹೋಗಿ.