ಮುಕ್ಕಾಲು ಗಂಟೆಯ ಭಾಷಣ

ಶೆಫೀಲ್ಡಿನಲ್ಲಿ ಡಿಸ್ರೇಲಿಯ ರಾಜಕಾರಣದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದ ಪ್ರತೀಕ್ಷಾಳಿಗೆ ಆ ಹಳೆಯ ಬ್ರಿಟಿಷ್ ಪ್ರಧಾನಿಯದೆನ್ನುವ ಒಂದು ಮಾತು ಬಹಳ ಹಿಡಿಸಿತ್ತು: ರಾಣಿಗೆ ಇಲ್ಲ ಎನ್ನಬಾರದು, ಎದುರಾಡಬಾರದು, ಆಗಾಗ ಮರೆತುಬಿಡಬೇಕು. ಕನ್ನಡ ಸಂಘದ ಕಾರ್ಯದರ್ಶಿಯಾದ ಮೇಲಂತೂ ಅದೇ ಅವಳ ವೇದವಾಯಿತು.

“ರಾಜ್ಯೋತ್ಸವಕ್ಕೆ ನನ್ನದೊಂದು ಮುಕ್ಕಾಲು ಗಂಟೆ ಭಾಷಣ ಇರ್ಲಮ್ಮ,” ಎಂದರು, ಮೈಕ್ ಕಂಡರೆ ಬಿಡದ ಹಿರಿಯ ಸದಸ್ಯ ಪುಟ್ಟಸ್ವಾಮಿ.

“ಆಗ್ಲಿ ಅಂಕಲ್.”

ಆ ದಿನ ದೂರದ ಎಜ್‌ಬಾಸ್ಟನ್ನಿನ ಹಾಲ್‌ನಲ್ಲಿ ಹಾಡು, ಕುಣಿತ ಮುಗಿಯುತ್ತಲೇ ಅವಳು ಎಲ್ಲರನ್ನೂ ಬಿಸಿಬೇಳೆ ಬಾತಿಗೆ ಕರೆದುಬಿಟ್ಟಳು. ಪುಟ್ಟಸ್ವಾಮಿ ನೇರ ಅವಳ ಬಳಿಗೇ ಬಂದರು.

“ಅಯ್ಯೋ ಅಂಕಲ್, ನಿಮ್ಮ ಭಾಷಣ ಮರ್ತೇ ಹೋಯ್ತು!”

“ಹೋಗ್ಲಿ ಬಿಡಮ್ಮ,” ಎಂದು ಅವರು ಹಾಳೆಗಳನ್ನು ಮಡಿಸಿ ಜೇಬಿಗೆ ಸೇರಿಸಿದರು. “ಹೇಗೂ ಶೆಫೀಲ್ಡಿಗೆ ನಿನ್ನ ಕಾರಲ್ಲೇ ತಾನೆ ನಾನು ಬರೋದು? ಎರಡು ಗಂಟೆ ದಾರಿ. ನಿಧಾನವಾಗಿ ಹೇಳ್ತೀನಿ.”