ಮಡಿಲು ತುಂಬಿ ಕಳಿಸಿದ ಅವ್ವ

ಮಳೆ ನಿಂತು ದೀಪಾವಳಿ ಕಳೆಯಿತೆಂದರೆ ಚೆಲುವಮ್ಮನಿಗೆ ಕಾಡಿನ ಗುಡಿಯ ಕೆಲಸ ಶುರು. ಗೋಪಿನಾಥಂ ದಾರಿ ಬಿಟ್ಟು ಒಳಗೆ, ಪಾಲಾರ್ ಹೊಳೆಯ ಈಚೆ ದಡದಲ್ಲಿ, ಯಾವ ಕಾಲದ ದೊರೆಯೋ ಕಟ್ಟಿಸಿದ ಕಲ್ಲುಗುಡಿ ಅದು. ಕಟ್ಟಿಸಿದವನು ಸತ್ತ, ಪೂಜೆ ಮಾಡುತ್ತಿದ್ದವರು ಊರು ಬಿಟ್ಟರು, ಉಳಿದದ್ದು ಬಾವಲಿ ಮತ್ತು ಆಲದ ಬೇರು. ಮದರಾಸಿನವರ ಕಾಲದಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಕೊಳ್ಳೇಗಾಲ ಮೈಸೂರಿಗೆ ಸೇರಿ ಕೆಲವು ವರ್ಷದ ಮೇಲೆ ಪ್ರಾಚ್ಯವಸ್ತು ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದು, ಇದು ಬಹಳ ಹಳೆಯದು, ಉಳಿಸಬೇಕು ಎಂದರು. ಅಂದುಬಿಟ್ಟರೆ ಆಯಿತೆ? ಬೇರು ಕೀಳುವುದಕ್ಕೆ, ಸುಣ್ಣ ಅರೆಯುವುದಕ್ಕೆ ಕೈ ಬೇಡವೆ? ಆ ಕೈ ಚೆಲುವಮ್ಮನದು.

ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅವಳು ಗಾರೆ ರುಬ್ಬುತ್ತಿದ್ದಳು. ರುಬ್ಬಿ ರುಬ್ಬಿ ಅಂಗೈ ಸುಣ್ಣ ತಿಂದು ಬಿರಿದಿತ್ತು. ಹೊಳೆ ಬತ್ತಿ ಕಾಡಿಗೆ ಬೆಂಕಿ ಬೀಳುವ ಕಾಲಕ್ಕೆ ಕೆಲಸ ಬಂದ್. ಆಮೇಲೆ ಸತ್ತೇಗಾಲದ ಬಯಲಿಗೆ ಹೋಗಿ, ಯಾರದೋ ಕಬ್ಬಿನ ಗದ್ದೆಯ ಬದಿಯಲ್ಲಿ ಸೋಗೆ ಹೊದಿಸಿಕೊಂಡು ಕೂಲಿ ಮಾಡಬೇಕು. ಗಂಡ ಸತ್ತ ಮೇಲೆ ಬೆಕ್ಕಿನ ಬಿಡಾರದಂತೆ ಆಗಿತ್ತು ಅವಳ ಬಾಳು. ಆ ವರ್ಷ ಮಾತ್ರ ಮೇಸ್ತ್ರಿ ಪುಟ್ಟಬಸಪ್ಪ ಒಂದು ಆಸೆ ಹಚ್ಚಿದ.

"ಗುಡಿ ಗುಡ್ಸಿ ನೋಡ್ಕಳಕೆ ಒಬ್ರನ್ನ ಖಾಯಂ ಮಾಡ್ತರಂತೆ ಚೆಲುವಕ್ಕ. ಎಸ್ರು ಯೋಳೋನು ನಾನೆ. ನಿಂದೇ ಯೋಳ್ತೀನಿ."

ಖಾಯಂ! ವರ್ಷವಿಡೀ ತನ್ನ ಮನೆಯಲ್ಲೇ ಮುದ್ದೆ ತಿರುವಬಹುದು. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ದೃಷ್ಟಿಯಾದೀತೆಂದು. ಜೊತೆಗೆ ಕೆಲಸ ಮಾಡುವ ರಂಗಮ್ಮನಿಗೆ ಕೂಡ ಹೇಳಲಿಲ್ಲ. ರಂಗಮ್ಮನಿಗೂ ಮೇಸ್ತ್ರಿ ಇದೇ ಮಾತು ಹೇಳಿದ್ದ ಅನ್ನುವುದು ಬೇರೆ ವಿಷಯ.

ಬೇರು ಕಡಿಯುವಾಗ ಗೋಡೆಯ ಬುಡದಲ್ಲಿ ಅವ್ವ ಸಿಕ್ಕಿದಳು. ಮೊಳದೆತ್ತರದ ಕಲ್ಲಿನ ಹೆಣ್ಣುದೇವರು, ಕೈಯಲ್ಲಿ ಹೂವಿನ ಮೊಗ್ಗು. ಚೆಲುವಮ್ಮ ಸೆರಗಿನಿಂದ ಅವಳ ಮುಖ ಒರೆಸಿದಳು. ಸಾಹೇಬರಿಗೆ ಸುದ್ದಿ ಹೋಯಿತು, ವಾರದಲ್ಲಿ ಬರುವುದಾಗಿ ಉತ್ತರವೂ ಬಂತು. ಅಷ್ಟರೊಳಗೆ ಅವ್ವನನ್ನು ಶೆಡ್ಡಿಗೆ ಸಾಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆತುರ ಪುಟ್ಟಬಸಪ್ಪನಿಗೆ. ಸವೆದ ಹಗ್ಗ ಕಟ್ಟಿ ತಾನೇ ಎಳೆದ. ಹಗ್ಗ ಹರಿಯಿತು. ಅವ್ವ ಮೆಟ್ಟಿಲ ಮೇಲೆ ಬಿದ್ದು, ಮೊಗ್ಗು ಹಿಡಿದ ಕೈ ಮೊಣಕೈಗೆ ಮುರಿಯಿತು.

ರಂಗಮ್ಮ ಕೆನ್ನೆ ಬಡಿದುಕೊಂಡಳು. ಭಿನ್ನವಾದ ದೇವರನ್ನು ಸೂರಿನಡಿ ಇಟ್ಟುಕೊಳ್ಳುವಂತಿಲ್ಲ, ಹರಿಯುವ ನೀರಿಗೆ ಬಿಡಬೇಕು. ಇದು ಆ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಸಾಹೇಬರ ಲೋಕದಲ್ಲಿ ಮುರಿದ ತುಂಡಿಗೂ ಬೆಲೆಯುಂಟು, ಚೂರನ್ನೂ ಕಾಪಾಡುತ್ತಾರೆ ಎನ್ನುವುದು ಮೇಸ್ತ್ರಿ ಒಬ್ಬನಿಗೇ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ.

"ಭಿನ್ನ ಆಗೋದ್ಲಲ್ಲ ಮೇಸ್ತ್ರಪ್ಪ. ಒಳೆಗೆ ಬುಡ್ಬೇಕು," ಎಂದಳು ಚೆಲುವಮ್ಮ.

"ಬುಟ್ಬುಡಕ್ಕ. ಸಾಯೇಬ್ರಿಗೆ ನಾನ್ ಯೋಳ್ಕತೀನಿ." ಅವನೇ ಎತ್ತಿ ಅವಳ ತಲೆಯ ಸಿಂಬಿಯ ಮೇಲೆ ಇಟ್ಟ.

ಚೆಲುವಮ್ಮ ಸುಮ್ಮನೆ ಎಸೆದು ಬರಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಅರಿಶಿನ ಕುಂಕುಮ ಇಟ್ಟು, ತನ್ನ ಹಳೆಯ ಸೀರೆ ಸುತ್ತಿ, ಅಕ್ಕಿ, ಅಡಿಕೆ, ಬೆಲ್ಲದಚ್ಚು ಹಾಕಿ ಮಡಿಲು ತುಂಬಿದಳು. ಮುರಿದ ಕೈಯನ್ನೂ ಆ ಮಡಿಲಿಗೇ ಇಟ್ಟಳು. ಎದೆಮಟ್ಟ ನೀರಿನ ಮಡುವಿಗೆ ಇಳಿದು ಬಿಟ್ಟಳು. ಬಿಡುವಾಗ ಅವಳಿಗೆ ಅಳು ಬಂತು. ಅವಳಿಗೆ ಮಗಳಿರಲಿಲ್ಲ.

ಸಾಹೇಬರು ಬಂದರು. ವಿಗ್ರಹ ಎಲ್ಲಿ?

"ನಾ ಆವತ್ತು ಕೊಳ್ಳೇಗಾಲ್ದಲ್ಲಿದ್ದೆ ಸಾ," ಎಂದ ಪುಟ್ಟಬಸಪ್ಪ. "ಬಂದ್ ನೋಡ್ತೀನಿ, ಇಲ್ಲ. ಚೆಲುವಮ್ಮ ಒತ್ಕಂಡ್ ಓದ್ಲು ಅಂದ್ರು."

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಚೆಲುವಮ್ಮ ನಡೆದದ್ದನ್ನೆಲ್ಲ ಹೇಳಿ, "ನೀ ಯೋಳು ರಂಗವ್ವ, ನೀನೂ ಇದ್ದಲ್ಲ," ಎಂದು ತಿರುಗಿದಳು. ರಂಗಮ್ಮ ಗಾರೆ ರುಬ್ಬುವ ಗುಂಡು ಹಿಡಿದುಕೊಂಡು ನೆಲ ನೋಡಿದಳು. "ನಂಗೊತ್ತಿಲ್ಲ ಸಾ," ಎಂದಳು.

ಮಡುವಿಗೆ ಜನ ಇಳಿಸಿ ಗಳ ಆಡಿಸಿದ್ದಾಯಿತು. ತಡವಾಗಿ ಬಿದ್ದ ಮಳೆಗೆ ಹೊಳೆ ಕೆಂಪಗೆ ತುಂಬಿತ್ತು, ಏನೂ ಸಿಗಲಿಲ್ಲ. ಯಾವ ತಮಿಳು ವ್ಯಾಪಾರಿಗೆ ಮಾರಿದೆ ಎಂದು ಕೇಳಿದರು. ಕೆಲಸದಿಂದ ತೆಗೆದರು. ಖಾಯಂ ಕೆಲಸ ರಂಗಮ್ಮನಿಗಾಯಿತು. ನೀರು ಸೇದುವ ಕಡೆ ಹೆಂಗಸರು ಚೆಲುವಮ್ಮನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ದೇವರನ್ನೇ ಮಾರಿಕೊಂಡವಳು!

ಬೇಸಿಗೆ ಬಂತು, ಹೊಳೆ ಬತ್ತಿತು. ಸತ್ತೇಗಾಲಕ್ಕೆ ಹೊರಡುವ ಮುನ್ನ ಚೆಲುವಮ್ಮ ಮಡುವಿನ ಹತ್ತಿರ ಹೋದಳು. ಮೊಣಕಾಲುದ್ದದ ಕೆಸರುನೀರಿನಲ್ಲಿ ಅವ್ವನ ನೆತ್ತಿ ಕಾಣುತ್ತಿತ್ತು, ಕೊರಳಲ್ಲಿ ಸೀರೆಯ ಚಿಂದಿ. ಕೈ ಎಲ್ಲಿಯೋ ಕೊಚ್ಚಿಹೋಗಿತ್ತು.

ಮಡಿಲು ತುಂಬಿ ಕಳಿಸಿದವಳನ್ನು ನೀರಿನಿಂದ ಹಿಂದಕ್ಕೆ ತರಬಾರದು. ತಂದರೆ ತಂದವರ ಮನೆ ಹಾಳು. ಅವಳು ದಡದಲ್ಲಿ ಕುಳಿತು ಬಹಳ ಹೊತ್ತು ಬೈದಳು. "ನಿನ್ ಕೈ ಮುರ್ದೋನು ಮೇಸ್ತ್ರಿಯಾಗೇ ಅವ್ನೆ. ನಿನ್ ಒತ್ತೋಳು ಕಳ್ಳಿ. ನನ್ ಮನೆ ಇನ್ನೇನವ್ವ ಆಳಾಗದು?" ಕೊನೆಗೆ ಕೆಸರಿಗಿಳಿದು ಅವ್ವನನ್ನು ಅಲುಗಿಸಿ ಕಿತ್ತಳು, ತಲೆಗೇರಿಸಿಕೊಂಡು ಗುಡಿಯ ಹಾದಿ ಹಿಡಿದಳು. ಕೆಸರುನೀರು ಕೆನ್ನೆ ಮೇಲೆ ಇಳಿಯುತ್ತಿತ್ತು. ಇನ್ನು ತನ್ನ ಮಾತು ನಿಜವೆಂದು ಎಲ್ಲರಿಗೂ ಕಾಣುತ್ತದಲ್ಲ ಎಂಬ ಒಂದೇ ಬಲದ ಮೇಲೆ ನಡೆದಳು.

ಕೆಲಸ ಮುಚ್ಚಲು ಬಂದ ಸಾಹೇಬರ ಜೀಪು ಅಲ್ಲೇ ನಿಂತಿತ್ತು. ಚೆಲುವಮ್ಮ ಅವ್ವನನ್ನು ಅವರ ಮುಂದೆ ಇಳಿಸಿದಳು. "ನೋಡಿ ಸಾ. ನೀರಲ್ಲೇ ಇದ್ಲು."

ಅವರು ಬಾಯಿ ತೆರೆಯುವ ಮೊದಲೇ ಪುಟ್ಟಬಸಪ್ಪ ನಕ್ಕ. "ನಾ ಯೋಳ್ನಿಲ್ವಾ ಸಾ? ಗಿರಾಕಿ ಸಿಕ್ನಿಲ್ಲ, ನೀರಲ್ಲಿ ಬಚ್ಚಿಟ್ಟಿದ್ಲು. ಈಗ ಎದ್ರಿ ತಂದವ್ಳೆ. ಕೈ ಬೇರೆ ಮುರ್ದಾಕವ್ಳೆ."

ಸಾಹೇಬರು ಬಗ್ಗಿ ಮುರಿದ ಜಾಗ ಮುಟ್ಟಿ ನೋಡಿದರು. ಕೆಟ್ಟವರಲ್ಲ ಪಾಪ. "ಹೋಗಲಿ ಬಿಡು. ತಾನಾಗಿ ತಂದು ಕೊಟ್ಟಿದ್ದಾಳೆ, ಬಡವಳು. ಪೊಲೀಸು ಗಿಲೀಸು ಬೇಡ," ಎಂದರು.

ಕದಿಯದವಳಿಗೆ ಕಳ್ಳತನದ ಮಾಫಿ. ಚೆಲುವಮ್ಮ ಅವ್ವನ ನೆತ್ತಿಯ ಮೇಲೆ ಕೈಯಿಟ್ಟಳು. "ಅಂಗಾರೆ ಅವ್ವನ್ನ ನಂಗೆ ಕೊಡಿ ಸಾ. ನೀರಿಗೆ ಬುಟ್ಬತ್ತೀನಿ."

ಎಲ್ಲರೂ ನಕ್ಕರು. ರಂಗಮ್ಮ ಕೊಡದಲ್ಲಿ ನೀರು ತಂದು ಅವ್ವನ ಕೆಸರು ತೊಳೆಯತೊಡಗಿದಳು, ಅದು ಈಗ ಅವಳ ಕೆಲಸ. ಚಿಂದಿಯಾದ ಸೀರೆಯನ್ನು ಕಿತ್ತು ಪಕ್ಕಕ್ಕೆ ಹಾಕಿದಳು.

"ಸಾಯೇಬ್ರು ಬುಟ್ಟವ್ರೆ, ಕೈಯಾದ್ರೂ ಮುಗಿ," ಎಂದ ಮೇಸ್ತ್ರಿ.

ಚೆಲುವಮ್ಮ ಬಿರಿದ ಅಂಗೈಗಳನ್ನು ಜೋಡಿಸಿ, ಕಣ್ಣು ಮುಚ್ಚಿ, ತಪ್ಪಾಯ್ತು ಎಂದಳು; ಕಣವ್ವ ಎಂದದ್ದು ತುಟಿಯೊಳಗೇ ಉಳಿಯಿತು. ಅವಳು ತಮಗೇ ಹೇಳಿದಳೆಂದುಕೊಂಡು ಸಾಹೇಬರು ತಲೆಯಾಡಿಸಿ ಜೀಪು ಹತ್ತಿದರು.