ಬಿಬಾ ಕಾಯುತ್ತಿದ್ದ ಮಾತು

"ತಿನ್ನೇ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಫೂಮಿತ್ಸಾ ತಟ್ಟೆಯನ್ನು ನಾಯಿಯ ಮೂತಿಯ ಹತ್ತಿರ ತಳ್ಳಿದಳು. ಬಿಬಾ ಒಮ್ಮೆ ಮೂಸಿ, ಮುಂಗಾಲಿನ ಮೇಲೆ ಗದ್ದ ಊರಿತು. ಅದರ ಪಕ್ಕೆಲುಬು ಎಣಿಸುವ ಹಾಗಾಗಿತ್ತು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಝ್ವಾನೆ ಕೂತು ನೋಡುತ್ತಿದ್ದ. ಎರಡು ತಿಂಗಳ ಹಿಂದೆ ಲಕ್ವಾ ಹೊಡೆದು ಅವನ ಬಲಗೈಯೂ ಮಾತೂ ಹೋಗಿದ್ದವು. ಅಲ್ಲಿಯವರೆಗೆ ಒಂಬತ್ತು ವರ್ಷ ಅವನೂ ಬಿಬಾನೂ ಮಿರ್ನಾ ನದಿಯ ಬದಿಯ ಓಕ್ ಕಾಡಿನಲ್ಲಿ ಟ್ರಫಲ್ ಹುಡುಕಿಕೊಂಡಿದ್ದರು. ನೆಲದೊಳಗಿನ ಆ ಅಣಬೆಯನ್ನು ಮೂಸಿ ತೋರಿಸಿದರೆ ನಾಯಿಗೆ ಒಂದು ತುಂಡು ರೊಟ್ಟಿ. ಬಿಟ್ಟಿ ಊಟ ಬಿಬಾಗೆ ಗೊತ್ತೇ ಇರಲಿಲ್ಲ.

"ಅದಕ್ಕೆ ಹಸಿವಿಲ್ಲ ಅಂತಲ್ಲಮ್ಮ, ಕೆಲಸ ಇಲ್ಲ," ಎಂದಿದ್ದಳು ಪಶುವೈದ್ಯೆ. "ಊಟ ಬಚ್ಚಿಡಿ. ತಲೆ ಓಡಿಸಿ ಹುಡುಕಿ ತಿನ್ನಲಿ."

ಫೂಮಿತ್ಸಾ ಒಣಮಾಂಸದ ಚೂರುಗಳನ್ನು ಹಳೇ ಕಾಲುಚೀಲದಲ್ಲಿಟ್ಟಳು, ಕೋಸಿನ ಎಲೆಯಲ್ಲಿ ಸುತ್ತಿಟ್ಟಳು, ಅಂಗಳದಲ್ಲಿ ಬೋರಲು ಹಾಕಿದ ಹೂಕುಂಡಗಳಲ್ಲಿ ಒಂದರ ಕೆಳಗಿಟ್ಟಳು. ಬಿಬಾ ಕುಂಡಗಳನ್ನು ನೋಡಿ, ಆಮೇಲೆ ಅವಳ ಮುಖ ನೋಡಿ, ಸುಮ್ಮನೆ ಕೂತಿತು.

"ಅದು ಮಾತಿಗೆ ಕಾಯ್ತಿದೆ, ಅಕ್ಕ," ಎಂದ ಝ್ವಾನೆಯನ್ನು ನೋಡಲು ಬಂದ ರೊಮಾನೊ. ಅವನೂ ಟ್ರಫಲ್ ಹುಡುಕುವವನೇ, ಝ್ವಾನೆಯ ಹಳೇ ಪೈಪೋಟಿಗಾರ.

"ಯಾವ ಮಾತು?"

"ಅದು ಗೊತ್ತಿದ್ದಿದ್ರೆ ಈ ನಾಯೀನ ನಾನು ಯಾವತ್ತೋ ಹಾರಿಸ್ಕೊಂಡು ಹೋಗ್ತಿದ್ದೆ! ನಾಯೀನ ಹುಡುಕೋಕೆ ಹಚ್ಚೋಕೆ ನಮ್ಮಲ್ಲಿ ಒಬ್ಬೊಬ್ಬಂದು ಒಂದೊಂದು ಗುಟ್ಟಿನ ಮಾತು. ನಂದು ನನ್ನ ಹೆಂಡ್ತಿಗೂ ಗೊತ್ತಿಲ್ಲ. ಭಾನುವಾರದವರೆಗೆ ನೋಡು. ಆಗ್ಲಿಲ್ಲಾಂದ್ರೆ ನಾನು ಕರ್ಕೊಂಡು ಹೋಗ್ತೀನಿ. ನನ್ನ ನಾಯಿಗಳ ಜೊತೆ ಓಡಾಡಿದ್ರೆ ಬದುಕ್ಕೊಳ್ಳುತ್ತೆ."

ಬಿಬಾನೂ ಹೋದರೆ ಝ್ವಾನೆ ದಿನವೆಲ್ಲ ಏನನ್ನು ನೋಡಿಕೊಂಡು ಕೂರಬೇಕು? ನೆನೆದರೇ ಅವಳಿಗೆ ಅಳು ಬರುತ್ತಿತ್ತು. ಹುಡುಕು, ನಡಿ, ತಗೋ, ಚಿನ್ನ, ರಾಣಿ. ತೋಚಿದ್ದನ್ನೆಲ್ಲ ಹೇಳಿ ನೋಡಿದಳು. ಝ್ವಾನೆ ಎಡಗೈ ಎತ್ತಿ ಅವಳತ್ತಲೇ ತೋರಿಸಿದ.

"ನೀರು ಬೇಕಾ?"

ಅಲ್ಲವೆಂದು ತಲೆಯಾಡಿಸಿ ಮತ್ತೆ ಅವಳ ಬಾಯಿಯ ಕಡೆ ಬೆರಳು ಮಾಡಿದ.

"ನಂಗೇನು ಗೊತ್ತು? ಗುಟ್ಟು ಮಾಡಿದೋನು ನೀನು!"

ಭಾನುವಾರ ರೊಮಾನೊ ನಾಯಿಗೆ ಹಾಕಲು ಕೊರಳಪಟ್ಟಿ ತಗೊಂಡು ಬಂದೇಬಿಟ್ಟ. ಫೂಮಿತ್ಸಾ ಆಗತಾನೇ ಅಡುಗೆಮನೆಯ ನೆಲ ತೊಳೆದಿದ್ದಳು. ಅವನಿಗೆ ಒಂದು ಲೋಟ ವೈನ್ ಕೊಡೋಣವೆಂದು ಒಳಗೆ ಬಂದರೆ ಕಿಟಕಿಯ ಪಕ್ಕದ ಕುರ್ಚಿ ಖಾಲಿ. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಝ್ವಾನೆ ಕಾಣಿಸಿಕೊಂಡ. ಕೋಲೂರಿಕೊಂಡು ಈರುಳ್ಳಿ ಮಡಿಗಿಳಿದು ಬಂದಿದ್ದ; ಎರಡು ಚಪ್ಪಲಿಯೂ ಕೆಸರಿನ ಮುದ್ದೆ. ಅವಳ ಕಣ್ಣನ್ನೇ ನೋಡುತ್ತ, ತೊಳೆದ ನೆಲದ ಮೇಲೆ ಬೇಕೆಂದೇ ಪಚಕ್ಕನೆ ಕಾಲಿಟ್ಟ.

ಎರಡು ತಿಂಗಳಿಂದ ಅವಳು ಅವನಿಗೆ ಒಂದು ಗಟ್ಟಿ ಮಾತೂ ಆಡಿರಲಿಲ್ಲ. ಈಗ ತಡೆಯಲಾಗಲಿಲ್ಲ.

"ಎಲ್ಲಿ ಹಾಳಾಗ್ ಹೋಗಿದ್ಯೋ, ಮಣ್ಣುಮೂತಿ?"

ಅಂಗಳದಲ್ಲಿ ಬಿಬಾ ಎದ್ದು ನಿಂತಿತು. ಮೂಗನ್ನು ನೆಲಕ್ಕೆ ಹಚ್ಚಿ ಸರಸರನೆ ಹೊರಟು, ಮೊದಲ ಕುಂಡ ಬಿಟ್ಟು, ಎರಡನೆಯದು ಬಿಟ್ಟು, ಮೂರನೆಯದನ್ನು ಮೂತಿಯಿಂದ ಉರುಳಿಸಿತು. ಮಾಂಸದ ಚೂರನ್ನು ಗುಳುಂ ಮಾಡಿ ಬಾಲ ಅಲ್ಲಾಡಿಸಿತು.

"ಅಯ್ಯೋ ದೇವರೇ," ಎಂದ ರೊಮಾನೊ. "ಇದನ್ನಾ ಅವನು ಕಾಡಲ್ಲಿ ಹೇಳ್ತಿದ್ದಿದ್ದು!"

ಝ್ವಾನೆ ಕಾಡಿನಿಂದ ಬರುತ್ತಿದ್ದ ದಿನಗಳಲ್ಲಿ, ದಿನಾ ಸಂಜೆ ತಾನು ಬಾಗಿಲಲ್ಲಿ ನಿಂತು ಇದೇ ಮಾತಲ್ಲಿ ಬೈಯುವಾಗ ಬಿಬಾ ಯಾಕೆ ಒಲೆಯ ಕೆಳಗೆಲ್ಲ ಮೂಸುತ್ತಿತ್ತು ಎಂದು ಫೂಮಿತ್ಸಾಗೆ ಈಗ ಹೊಳೆಯಿತು. ತಿರುಗಿ ನೋಡಿದಳು. ಝ್ವಾನೆ ಗೋಡೆಗೆ ಒರಗಿ ಬೇರೆತ್ತಲೋ ನೋಡುತ್ತಿದ್ದ, ಕಿವಿಗಳೆರಡೂ ಕೆಂಪಾಗಿದ್ದವು.

ರೊಮಾನೊ ಕೊರಳಪಟ್ಟಿಯನ್ನು ಜೇಬಿಗೆ ತುರುಕಿದ. ಅವಳು ನೆಲ ಒರೆಸಲು ಹೋಗಲಿಲ್ಲ. ಗಂಡನ ಎಡಗೈ ಹಿಡಿದು ಹೊಸ್ತಿಲ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು, ಈ ಸಲ ಮೆಲ್ಲಗೆ.